ಕೈಯೂರದೆ ಏಳುವುದು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಅಂಗಡಿ ಬಾಗಿಲು ಹಾಕಿ ಬಂದಿರುವ ಅರಕಲಗೂಡಿನ ವರ್ತಕ ಬಂಧುಗಳೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಹನಾಶೀಲ ಸಭಿಕರೇ,

ಈ ಶುಂಠಿ ವ್ಯಾಪಾರಿ ಪಾಲಾಕ್ಷನನ್ನು ಸೋಫಾದಲ್ಲಿ ಕೂರಿಸಿ ಶಾಲು ಹೊದಿಸಲು ಬಂದಿರಿ. ನಾನು ನಿಂತೇ ಹೊದ್ದೆ. ಎಂಥ ವಿನಯ ಎಂದು ನಿರೂಪಕ ಪರಮೇಶ್ ಹೊಗಳಿದರು. ವಿನಯವೇ? ಆ ಸರಕು ನನ್ನಲ್ಲಿ ಎಂದೂ ಇರಲಿಲ್ಲ. ಭಯ ಸ್ವಾಮಿ, ಭಯ. ಸೋಫಾ ಬಹಳ ತಗ್ಗು. ಕೂತರೆ ಏಳಲಾರೆ.

ಕೆಲವು ವರ್ಷಗಳ ಹಿಂದೆ ನನ್ನ ಹೃದಯದ ಪಂಪಿಂಗ್ ಕಮ್ಮಿಯಾಯಿತು. ಅಂದಿನಿಂದ ಮನೆಯಾಕೆ ಗಂಗಾಂಬಿಕೆ ನೀರಿನ ಚೊಂಬನ್ನೂ ಎತ್ತಗೊಡಲಿಲ್ಲ. "ಸುಮ್ಕೆ ಕೂತ್ಕಳ್ರೀ, ನಿಮ್ ಎದೆ ಈಗ ಗಾಜಿಂದು ಕಣ್ರೀ!" ಕೂತೆ. ಏಳುವಾಗ ಅವಳೇ ಎಳೆದಳು. ಇದನ್ನೇ ಆರೈಕೆ ಎಂದುಕೊಂಡೆವು. ಗುಡ್ಡೆ ಹಾಕಿ ಮಗುಚದೆ ಬಿಟ್ಟ ಶುಂಠಿ ಕೊಳೆಯುತ್ತದೆಂದು ಬಲ್ಲ ನಾನು, ನನ್ನ ತೊಡೆಗಳನ್ನು ಹಾಗೆಯೇ ಬಿಟ್ಟೆ.

ಈಚೆಗೆ ಹಾಸನದಲ್ಲಿ ವ್ಯಾಯಾಮ ಕಲಿಸುವ ಯಶಸ್ವಿನಿ ಎಂಬಾಕೆ, ಕುರ್ಚಿಯಲ್ಲಿ ಕೂರಿಸಿ, ಎದೆಗೆ ಕೈ ಕಟ್ಟಿಸಿ, "ಏಳಿ ಸಾ" ಎಂದಳು. ಆಗಲಿಲ್ಲ. "ನೋಡಿ ಸಾ, ಎದೆ ಇನ್ನೂ ದುಡೀತಾ ಅದೆ. ಕೈ ಕೊಟ್ಟಿರೋದು ಕಾಲು!" ಡಾಕ್ಟರ ಒಪ್ಪಿಗೆ ಪಡೆದು ಕೂತೇಳುವುದನ್ನು ಕಲಿಸಿದಳು. ಮನೆಯಲ್ಲಿ ಮಾಡುತ್ತೇನೆ, ಎತ್ತರದ ಕುರ್ಚಿಯಲ್ಲಿ ಮಾತ್ರ. ಗಂಗಾಂಬಿಕೆ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿರುತ್ತಾಳೆ.

ಈಗ ಚನ್ನರಾಯಪಟ್ಟಣದಲ್ಲಿ ನಮ್ಮ ಮಗಳು ನಿಧಿಗೆ ಎರಡನೇ ಹೆರಿಗೆ, ಇಂದೋ ನಾಳೆಯೋ. "ಅಮ್ಮ, ಯಾವಾಗ ಬತ್ತೀಯಾ?" ಎಂದು ಫೋನು. ಇವಳ ಉತ್ತರ: "ನಾನ್ ಬಂದ್ಬುಟ್ರೆ ನಿಮ್ಮಪ್ಪನ್ನ ಎಬ್ಬಿಸೋರ್ ಯಾರೇ?" ಹೆರುವ ಮಗಳಿಂದ ತಾಯಿಯನ್ನು ತಡೆದಿರುವುದು ನನ್ನ ಕಾಲು. ಇದಕ್ಕಿಂತ ದೊಡ್ಡ ನಷ್ಟ ಯಾವುದು ಹೇಳಿ?

ಅಧ್ಯಕ್ಷರೇ, ಅಪ್ಪಣೆಯಾದರೆ ಇಲ್ಲೇ ನೋಡಿಬಿಡೋಣ. ಪರಮೇಶ್, ಮೈಕು ಹಿಡಿಯಪ್ಪ, ನನ್ನನ್ನು ಹಿಡಿಯಬೇಡ. ಇಗೋ, ಎದೆಗೆ ಕೈ ಕಟ್ಟಿ ಕೂತೆ.

ಅಯ್ಯೋ, ಎಷ್ಟು ಆಳ!

ಹಾಂ... ಇಲ್ಲ. ಆಗಲಿಲ್ಲ. ಯಾರೂ ಬರಬೇಡಿ. ಮೊದಲು ಅಂಚಿಗೆ ಸರಿಯಬೇಕಿತ್ತು, ಮರೆತೆ. ಸರಿದೆ. ಪಾದ ಹಿಂದಕ್ಕೆ. ಮೂಗು ಮುಂದಕ್ಕೆ. ಉಸಿರು ಬಿಗಿಹಿಡಿಯಬಾರದು...

ಎದ್ದೆ.

ಚಪ್ಪಾಳೆ ಆಮೇಲೆ. ಮುಂದಿನ ಸಾಲು ನೋಡಿ. ನನಗಿಂತ ಮೊದಲೇ ಎದ್ದು, ಎರಡೂ ಕೈ ಚಾಚಿ ನಿಂತಿದ್ದಾಳೆ. ಕೈ ಇಳಿಸು, ಗಂಗಾ. ನಾಳೆ ಬೆಳಗಿನ ಬಸ್ಸಿಗೆ ನಾನೇ ಬಂದು ಹತ್ತಿಸುತ್ತೇನೆ. ಬ್ಯಾಗು ಮಾತ್ರ ನೀನೇ ಎತ್ತಿಕೋ; ಅದಕ್ಕೆ ಯಶಸ್ವಿನಿಯ ಅಪ್ಪಣೆ ಇನ್ನೂ ಆಗಿಲ್ಲ.

ನನ್ನ ಪಾಲಿನ ಉಸಿರನ್ನೂ ಬಿಗಿಹಿಡಿದು ಕೂತಿದ್ದ ತಮಗೆಲ್ಲ ನಾನು ಋಣಿ. ನಮಸ್ಕಾರ.