ಉಪ್ಪಿನ ಗೋದಾಮಿನಲ್ಲಿ ಪಾಠ

ಗಾಳಿ ಎದ್ದಿದ್ದರಿಂದ ಸಂಜೆ ಐದರ ದೋಣಿ ಹೊರಡಲಿಲ್ಲ. ಬೆಳಗಿನಿಂದ ದ್ವೀಪ ಸುತ್ತಿದ್ದ ನಾವು ಆರು ಜನ ಪ್ರವಾಸಿಗರು ಜೆಟ್ಟಿಯ ತಂಗುಕೋಣೆಯಲ್ಲಿ ಸಿಕ್ಕಿಬಿದ್ದೆವು. ತಗಡಿನ ಮಾಡಿನ ಮೇಲೆ ಮಳೆ ಜಲ್ಲಿಕಲ್ಲು ಸುರಿದಂತೆ ಸದ್ದು ಮಾಡುತ್ತಿತ್ತು. ಮೊಳೆಗಳಿಗೆ ನೇತುಹಾಕಿದ್ದ ಲೈಫ್ ಜಾಕೆಟ್‌ಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಗೈಡ್, ಎಪ್ಪತ್ತು ದಾಟಿದ ಅಜ್ಜಿ, ಒದ್ದೆ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಮಡಚಿ ಕೂತರು. ಯಾರೋ ತಮಾಷೆಗೆ, "ಅಜ್ಜಿ, ಇಲ್ಲಿ ದೆವ್ವಗಿವ್ವ ಇಲ್ವಾ?" ಎಂದರು.

ಅವರು ನಗಲಿಲ್ಲ. "ಹತ್ತಿರ ಬನ್ನಿ. ಈ ಮಳೇಲಿ ಕಿರುಚೋಕೆ ನನ್ನ ಕೈಲಾಗಲ್ಲ.

"ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಮಧ್ಯಾಹ್ನ ನೋಡಿದ್ರಲ್ಲ, ಆ ಉದ್ದನೆ ಶಾಲೆ ಕೋಣೆ... ಅದು ಉಪ್ಪಿನ ಗೋದಾಮು ಅಂತ ಆಗ ಪ್ರವಾಸೋದ್ಯಮ ಆಫೀಸಿನವರು ಬರೆದುಕೊಟ್ಟಿದ್ರು, ನಾನೂ ಗಿಳಿಪಾಠ ಒಪ್ಪಿಸ್ತಿದ್ದೆ. ಆವತ್ತು ಬಂದ ಏಳು ಜನರಲ್ಲಿ ಒಬ್ಬ ಬಡಗಿ, ಐವತ್ತೈದರ ಆಸಾಮಿ. ದೋಣಿ ಇಳಿದವನೇ, 'ಅಮ್ಮಾ, ಇಲ್ಲೊಂದು ಶಾಲೆ ಇತ್ತಂತೆ, ನಮ್ಮಮ್ಮ ಅಲ್ಲೇ ಓದಿದ್ದಂತೆ' ಅಂದ. ಹಿಂದಿನ ತಿಂಗಳು ತಾನೇ ತಾಯೀನ ಕಳ್ಕೊಂಡಿದ್ದ. ಸಾಯೋವರೆಗೂ ಆಕೆ ಅದನ್ನೇ ಹೇಳ್ತಿದ್ಲಂತೆ, ಮನೆಯವರು ಮುದುಕಿಗೆ ಅರಳುಮರಳು ಅಂತ ನಗ್ತಿದ್ರಂತೆ. ನಾನೇನು ಕಡಿಮೆ? 'ಇಲ್ಲಿ ಶಾಲೆ ಇರಲೇ ಇಲ್ಲ ಕಣಪ್ಪ, ಮುಂದೆ ನಡಿ' ಅಂತ ಗದರಿಬಿಟ್ಟೆ. ಪಾಪ, ಅವನ ಮುಖ ಸಣ್ಣದಾಯ್ತು...

"ನನಗೆ ಎರಡು ದಿನದಿಂದ ಗಂಟಲು ಕಟ್ಟಿತ್ತು. ಆ ಕೋಣೆ ಹೊಸ್ತಿಲು ದಾಟೋ ಹೊತ್ತಿಗೆ ದನಿ ಪೂರ್ತಿ ಬಿದ್ದುಹೋಯ್ತು. ಬಾಯಿ ತೆಗೀತೀನಿ, ಬರೀ ಗಾಳಿ! ಸನ್ನೆ ಮಾಡೋಣ ಅಂತ ತಲೆ ಎತ್ತಿದ್ರೆ... ಏಳೂ ಜನ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತುಬಿಟ್ಟಿದ್ದಾರೆ, ಕಣ್ಣು ಮಿಟುಕಿಸದೆ ಕೇಳಿಸ್ಕೊಳ್ತಿದ್ದಾರೆ. ಒಮ್ಮೆ ಎಲ್ಲರೂ ನಕ್ಕರು. ಆಮೇಲೆ ಒಬ್ಬಾಕೆ ಕಣ್ಣೊರೆಸ್ಕೊಂಡ್ಲು. ನನ್ನ ಕಿವಿಗೆ ಮಾತ್ರ ಹೊರಗಿನ ಅಲೆ ಸದ್ದು ಬಿಟ್ಟರೆ ಏನೂ ಇಲ್ಲ. ಹೆದರಿಕೆ ಅಂತೀರಾ? ಅಲ್ಲ... ಯಾರೋ ದೊಡ್ಡವರು ಒಳಗೆ ಬಂದಾಗ ತಾನಾಗೇ ಎದ್ದು ನಿಲ್ತೀವಲ್ಲ, ಹಾಗೆ ನಿಂತಿದ್ದೆ.

"ಅರ್ಧ ಗಂಟೆ ಆದ್ಮೇಲೆ ಬಡಗಿ ಬಂದು ನನ್ನ ಎರಡೂ ಕೈ ಹಿಡ್ಕೊಂಡ. 'ಅಮ್ಮಾ, ಬೆಳಗ್ಗೆ ಇಲ್ಲ ಅಂದವರು ಈಗ ಶಾಲೆ ಕತೆ ಎಲ್ಲಾ ಹೇಳಿದ್ರಿ. ದ್ವೀಪ ಖಾಲಿ ಮಾಡಿಸಿ ಊರವರನ್ನ ದೋಣಿ ಹತ್ತಿಸಿ ಕಳಿಸಿದಾಗ ಟೀಚರ್ ಒಬ್ಬರೇ, ಮಕ್ಕಳು ವಾಪಸ್ ಬರ್ತಾರೆ ಅಂತ ಉಳಿದು ಇಲ್ಲೇ ಕಣ್ಮುಚ್ಚಿದ್ದು... ಎಲ್ಲಾ. ಆದ್ರೆ ಟೀಚರ್ ನಮ್ಮಮ್ಮನ್ನ ಗುಬ್ಬಿ ಅಂತ ಕರೀತಿದ್ದದ್ದು ನಿಮಗೆ ಹೇಗೆ ಗೊತ್ತು? ಅದನ್ನ ಅಮ್ಮ ನನಗೊಬ್ಬನಿಗೇ ಹೇಳಿದ್ಲು.' ಗೋಡೆಗೆ ಹೊಡೆದಿದ್ದ ಮರದ ಹಲಗೆ ತೋರಿಸಿ, 'ಇದರ ಹಿಂದೆ ನೋಡು ಅಂದ್ರಲ್ಲ, ತೆಗೀಲಾ?' ಅಂದ.

"ಒಂದು ಮೊಳೆ ಕಿತ್ತರೂ ನನ್ನ ಕೆಲಸ ಹೋಗ್ತಿತ್ತು. ಆದ್ರೂ ತಲೆ ಆಡಿಸಿದೆ. ಅವನ ಕೈ ನೋಡ್ಬೇಕಿತ್ತು ನೀವು, ಒಂದು ಚಕ್ಕೆ ಏಳದ ಹಾಗೆ ಹಲಗೆ ಬಿಡಿಸಿದ. ಹಿಂದೆ... ಗೋಡೆಗೆ ಕಪ್ಪು ಬಳಿದ ಬೋರ್ಡು. ಅದರ ತುಂಬ ಮಕ್ಕಳ ಅಂಕುಡೊಂಕು ಅಕ್ಷರದಲ್ಲಿ ಹೆಸರುಗಳು. ಮೂರನೇದು ಗುಬ್ಬಿ. ಅವನು ಮೆಲ್ಲಗೆ ಬೆರಳಿಟ್ಟ. ಅರವತ್ತು ವರ್ಷ ದಾಟಿದ ಸೀಮೆಸುಣ್ಣ, ಈಗ ತಾನೇ ಬರೆದ ಹಾಗೆ ಬೆರಳಿಗೆ ಹತ್ತಿತು. ಆ ಗಂಡಸು ಗೋಡೆಗೆ ಹಣೆ ಹಚ್ಚಿ, 'ನೀನು ಹೇಳಿದ್ದು ನಿಜ ಕಣಮ್ಮ' ಅಂತ ಅತ್ತಿದ್ದು...

"ಆಫೀಸಿನವರು ಕೂಗಾಡಿದ್ರು. ಬೋರ್ಡೇ ಕಣ್ಣೆದುರಿಗೆ ಇದ್ದಾಗ ಏನು ಮಾಡ್ತಾರೆ? ಅವರ ಪುಸ್ತಕದಲ್ಲಿ ಗೋದಾಮು ಹೋಗಿ ಶಾಲೆ ಅಂತ ಅಚ್ಚಾಯ್ತು."

"ನಿಮ್ಮ ದನಿ ಯಾವಾಗ ಬಂತಜ್ಜಿ?" ಎಂದೆ.

"ಮೂರೇ ದಿನಕ್ಕೆ. ಆದ್ರೆ ಆ ಕೋಣೇಲಿ ಮಾತಾಡೋ ಹಕ್ಕು ನನ್ನದಲ್ಲ ಅಂತ ಗೊತ್ತಾಯ್ತಲ್ಲ... ಆವತ್ತಿಂದ ಅಲ್ಲಿ ತುಟಿ ಬಿಚ್ಚಿಲ್ಲ. ಜನರನ್ನ ಒಳಗೆ ಬಿಟ್ಟು ಬಾಗಿಲಲ್ಲಿ ಸುಮ್ಮನೆ ನಿಲ್ತೀನಿ." ಅಜ್ಜಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ಇವತ್ತೂ ನಿಂತಿದ್ದೆ. ನೀವು ಮುಕ್ಕಾಲು ಗಂಟೆ ಕೂತಿದ್ರಿ, ಎರಡು ಸಲ ನಕ್ಕಿರಿ... ನನಗೆ ಒಂದಕ್ಷರ ಕೇಳಿಸಲಿಲ್ಲ. ಟೀಚರ್ ಏನು ಹೇಳಿದ್ರು, ನನಗೂ ಸ್ವಲ್ಪ ಹೇಳ್ತೀರಾ?"