ಒಬ್ಬರಿಗಾಗುವಷ್ಟು ಸಾರು

೧೯೭೪ರ ಶ್ರಾವಣ. ಶಹಾಬಾದಿನ ಒಂದು ದವಾಖಾನೆಯಲ್ಲಿ ಔಷಧಿಗೆ ಸರದಿ ನಿಂತಿದ್ದ ಅನಸುಬಾಯಿಗೆ ಮುಂದಿನ ಇಬ್ಬರ ಮಾತು ಕಿವಿಗೆ ಬಿತ್ತು. ಒಬ್ಬ ಖಂಡೆಪ್ಪ, ಸಿಮೆಂಟ್ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವ. ಇನ್ನೊಬ್ಬಳು ಒಳಗೆ ವಾರ್ಡಿನಲ್ಲಿ ಮಲಗಿದ್ದ ಅವನ ಹೆಂಡತಿಯ ಅಕ್ಕ.

“ಅಕ್ಕಾ, ಹೆಸರಬ್ಯಾಳಿ ಸಾರು ಒಬ್ಬರಿಗಿ ಹ್ಯಾಂಗ ಮಾಡೋದು?”

“ಮುನ್ನೂರು ಮಂದಿಗಿ ಮಾಡಾಂವ ನನ್ನ ಕೇಳ್ತಿ?”

“ಮುನ್ನೂರು ಮಂದಿಗಾದ್ರ ಕಣ್ಣು ಮುಚ್ಚಿ ಮಾಡ್ತೀನಿ. ನಿನ್ನೆ ಮನ್ಯಾಗ ಮಾಡಿ ತಂದಿದ್ದೆ. ಉಪ್ಪು ಭಾಳ ಆಗಿ ನಿನ್ನ ತಂಗಿ ಉಗುಳಿದಳು.”

“ಒಂದು ಹಿಡಿ ಬ್ಯಾಳಿ, ನಾಕು ಎಸಳು ಬಳ್ಳೊಳ್ಳಿ, ಚಿಟಿಕಿ ಉಪ್ಪು. ಬ್ಯಾಳಿ ಕರಗೋತನಕ ಕುದಿಸು. ಡಾಕ್ಟರ್ ಏನಂದ್ರು?”

“ಮನೀಗಿ ಕರಕೊಂಡು ಹೋಗ್ರಿ, ಪಥ್ಯ ಬ್ಯಾಡ, ಏನು ಬೇಡ್ತಾಳ ಅದು ಕೊಡ್ರಿ ಅಂದ್ರು. ಆರಾಮ ಆಗಾಕತ್ತಾಳ ಅಂದಂಗಾಯ್ತಲ್ಲ?”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅನಸುಬಾಯಿಯ ಅತ್ತೆಯನ್ನೂ ಕಡೆಗಾಲದಲ್ಲಿ ಹೀಗೆಯೇ ಪಥ್ಯ ಬಿಡಿಸಿ ಮನೆಗೆ ಕಳಿಸಿದ್ದರು.

“ಬ್ಯಾಳಿ ಎರಡು ಹಿಡಿ ಹಾಕು,” ಎಂದಳು ಅಕ್ಕ. “ಇಪ್ಪತ್ತು ವರ್ಷ ಕ್ಯಾಂಟೀನದಾಗೇ ಉಂಡು ಬಂದಿ. ಈಗ ಅಕೀ ಕೂಡ ಕುಂತು ಉಣ್ಣು.”

“ಮುಂಜಾನಿ ಪಾಳಿ ಅದ ಅಕ್ಕಾ.”

“ರಜಾ ಹಾಕು.”

“ಎಷ್ಟು ದಿನ?”

ಕಿಟಕಿಯಿಂದ ಬಂದ ಗುಳಿಗೆಯ ಪೊಟ್ಟಣ ಹಿಡಿದುಕೊಂಡು ಅಕ್ಕ ವಾರ್ಡಿನ ಕಡೆ ನಡೆದಳು. ಖಂಡೆಪ್ಪ ಅವಳ ಹಿಂದೆ ಹೋದ.