ಟೇಪಲ್ಲಿ ಅಳಿಸಿಹೋದ ಮುಹೂರ್ತ

ಅಲ್ಲ, ಅದನ್ನ ಡಿಲೀಟ್ ಮಾಡಿ ಇನ್ನೊಂದ್ಸಲ ಕುಣೀತೀನಿ ಅಂತೀಯಲ್ಲ ಮರಿ, ಅದಕ್ಕೇ ನಂಗೆ ನಗು ಬರೋದು. ಇನ್ನೊಂದ್ಸಲ! ಬೆಳಗ್ಗಿಂದ ನೋಡ್ತಾ ಇದೀನಿ, ಅಣ್ಣ ತಂಗಿ ಇಬ್ರೂ ಈ ವರಾಂಡದಲ್ಲಿ ಅದೇ ನಾಲ್ಕು ಹೆಜ್ಜೆ ಹಾಕ್ತೀರ, ನೋಡ್ತೀರ, ಥೂ ಅಂತೀರ, ಅಳಿಸ್ತೀರ, ಮತ್ತೆ ಹಾಕ್ತೀರ. ಅದಕ್ಕೆ ಕಂಟೆಂಟು ಅಂತ ಹೆಸರು ಬೇರೆ. ಹಿಂದುಗಡೆ ನನ್ನ ಲುಂಗಿ ಒಣಗ್ತಾ ಇದೆ, ಪಕ್ಕದ ಮನೆ ಕುಕ್ಕರ್ ಕೂಗ್ತಾ ಇದೆ, ಒಂದೂ ನಿಮ್ಮ ಕಣ್ಣಿಗೆ ಬೀಳಲ್ಲ, ಕಿವಿಗೆ ಬೀಳಲ್ಲ. ಮುಖ ಊದಿಸ್ಕೋಬೇಡಿ, ನಿಮ್ಮನ್ನೇ ಅಂತಿಲ್ಲ. ನಾನು ಸಿನಿಮಾ ಕಲಿಯೋವಾಗ ನಮ್ಮ ಕ್ಲಾಸು ತುಂಬ ಇಂಥೋರೇ ಇದ್ರು. ಏನ್ ಹಾಗೆ ನೋಡ್ತೀಯ? ಕಲ್ತಿದೀನಿ ಕಣೋ. ನಿಮ್ಮಪ್ಪ ಹೇಳಿಲ್ವಾ? ಹೇಳಿರಲ್ಲ ಬಿಡು. ಅವನ ಲೆಕ್ಕದಲ್ಲಿ ನಾನು ಹುಟ್ತಾನೇ ರಿಟೈರ್ ಆಗಿ ಹುಟ್ಟಿದೆ.

ಎಂಬತ್ತರ ದಶಕದ ಮಧ್ಯದ ವರ್ಷಗಳು ಅಂತಿಟ್ಕೊಳ್ಳಿ. ಬಿ.ಎಸ್ಸಿ. ಮುಗಿಸಿ ತುಮಕೂರಿಂದ ಬಂದಿದ್ದೆ. ಜಯನಗರದಲ್ಲಿ ಒಂದು ಬೇಕರಿ, ಅದರ ಮೇಲಿನ ಮಹಡೀಲಿ ನಮ್ಮ ಫಿಲಂ ಸ್ಕೂಲು. ಸ್ಕೂಲು ಅಂದ್ರೆ ಏನು, ಎರಡು ರೂಮು, ಒಂದು ಫ್ಯಾನು, ಕೆಳಗಿಂದ ಬರೋ ಬನ್ನಿನ ವಾಸನೆ. ಹಸಿದ ಹೊಟ್ಟೇಲಿ ಆ ವಾಸನೆ ಕುಡಿದು ಪಾಠ ಕೇಳೋದು ಇದೆಯಲ್ಲ, ಅದು ಶಿಕ್ಷೆ. ಮೇಷ್ಟ್ರು ಒಬ್ರಿದ್ರು, "ಸಿನಿಮಾ ಅಂದ್ರೆ ಮೌನ ಕಣ್ರಯ್ಯ" ಅಂತ ಶುರು ಮಾಡಿದ್ರೆ ಸಂಜೆ ತನಕ ಬಾಯಿ ಮುಚ್ತಿರ್ಲಿಲ್ಲ. ಇಡೀ ಕ್ಲಾಸಿಗೆ ಒಂದೇ ಕ್ಯಾಮೆರಾ. ಹೆಗಲ ಮೇಲೆ ಹೊರೋ ವಿಡಿಯೋ ಕ್ಯಾಮೆರಾ, ಅದಕ್ಕೆ ಕೆಂಪು ವೆಲ್ವೆಟ್ ಬಟ್ಟೆ ಹೊದಿಸಿ ಇಡೋರು, ಉತ್ಸವಮೂರ್ತಿ ಥರ. ಎಲ್ರಿಗೂ ಅದೇ ಬೇಕು. ಯಾರನ್ನ ಕೇಳಿ, "ನಾನು ಕ್ಯಾಮೆರಾಮನ್." ಅದರಲ್ಲೂ ಪ್ರದೀಪ ಅಂತ ಒಬ್ಬ, ಜೆ.ಪಿ. ನಗರದೋನು. ಮೈತುಂಬ ಜೇಬಿರೋ ಒಂದು ಕೋಟು ಹಾಕ್ಕೊಂಡು ಬರೋನು. ಒಂದು ಜೇಬಲ್ಲಿ ಬಾಚಣಿಗೆ, ಮಿಕ್ಕಿದ್ದೆಲ್ಲ ಖಾಲಿ, ಅವನ ತಲೆ ಥರಾನೇ. ಎರಡು ಕೈ ಬೆರಳು ಹೀಗೆ ಚೌಕ ಮಾಡ್ಕೊಂಡು ಹೋಟೆಲಲ್ಲಿ ಇಡ್ಲೀನೂ ಅದರೊಳಗಿಂದ ನೋಡೋನು. "ಮಗಾ, ಫ್ರೇಮ್ ನೋಡು ಫ್ರೇಮ್." ಲೋ, ತಿನ್ನೋ ಮೊದ್ಲು, ಇಡ್ಲಿ ಆರುತ್ತೆ!

ನಂಗೆ ಸಿಕ್ಕಿದ್ದು ಸೌಂಡು. ಕೆಲಸ ಹಂಚೋ ದಿನ ಜ್ವರ ಬಂದು ಮಲಗಿದ್ದೆ, ಯಾರಿಗೂ ಬೇಡದ್ದು ನನ್ನ ತಲೆಗೆ ಕಟ್ಟಿದ್ರು. ಒಂದು ಕ್ಯಾಸೆಟ್ ರೆಕಾರ್ಡರು, ಉದ್ದ ವೈರಿನ ಮೈಕು, ಕಿವಿ ಬೆವರೋ ಹೆಡ್‌ಫೋನು. ಪ್ರದೀಪ ಆಡ್ಕೊಳ್ಳೋನು, "ಕ್ಯಾಮೆರಾದಲ್ಲೇ ಮೈಕಿದೆಯಲ್ಲ ಗುರು, ನೀನ್ಯಾಕೆ ಹರಿಕಥೆ ದಾಸರ ಹಿಂದೆ ಶ್ರುತಿಪೆಟ್ಟಿಗೆ ಹಿಡಿದೋನ ಥರ ಬರ್ತೀಯ?" ಮೊದಮೊದ್ಲು ನಂಗೂ ಅವಮಾನವೇ. ಆಮೇಲೆ ಆ ಹೆಡ್‌ಫೋನ್ ಹಾಕ್ಕೊಂಡು ನಾಲ್ಕು ದಿನ ಓಡಾಡಿದೆ ನೋಡಿ, ಊರೇ ಬೇರೆ ಆಗೋಯ್ತು. ಸೊಪ್ಪು ಮಾರೋಳು ನಮ್ಮ ಬೀದೀಲಿ ಕೂಗೋ ರಾಗ ಬೇರೆ, ಮುಂದಿನ ಬೀದೀಲಿ ಬೇರೆ. ಜಗಳ ಆಡೋ ಮನೆ ಬಾಗಿಲು ಹಾಕ್ಕೊಳ್ಳೋ ಸದ್ದು ಬೇರೆ. ಈ ಕ್ಯಾಮೆರಾ ಜನಕ್ಕೆ ಅದೇನು ಗೊತ್ತು? ಒಂದು ಕಣ್ಣು ಮುಚ್ಕೊಂಡು, ತೆರೆದಿರೋ ಇನ್ನೊಂದನ್ನೂ ತೂತಿಗೆ ಒತ್ಕೊಂಡಿರೋ ಜನ.

ಎಲ್ಲಿದ್ದೆ? ಹಾಂ, ಅಜ್ಜಿ. ನಿಮ್ಮಜ್ಜಿ ಅಲ್ಲ, ಓನರಜ್ಜಿ. ಶ್ರೀನಗರದಲ್ಲಿ ನಾನು ಬಾಡಿಗೆಗಿದ್ದ ರೂಮಿನ ಓನರು. ಬಾಯಿ ಅಂದ್ರೆ ಬಾಯಿ. "ಸಿನಿಮಾ ಕಲಿಯಕ್ಕೂ ಕಾಲೇಜೇನೋ? ಟಾಕೀಸಿಗೆ ಹೋದ್ರೆ ಸಾಲ್ದಾ?" ಅಂತ ದಿನಾ ಒಂದ್ಸಲ ಕುಟುಕಿ, ಹಿಂದೇನೇ ಒಂದು ಲೋಟ ಹುಳಿ ಕೊಟ್ಟು ಕಳಿಸೋಳು. ನಾನು ಆ ವರ್ಷ ಬದುಕಿದ್ದೇ ಆ ಹುಳೀಲಿ. ಅಜ್ಜಿಗೆ ಒಬ್ಬಳೇ ಮೊಮ್ಮಗಳು, ಪದ್ಮಿನಿ. ತಾಯಿ ಇಲ್ಲದ ಹುಡುಗಿ, ಇವಳೇ ಸಾಕಿದ್ದು. ಪದ್ಮಿನಿಗೆ ಮದುವೆ ಗೊತ್ತಾಯ್ತು, ಬನಶಂಕರೀಲಿ ಛತ್ರ ಹಿಡಿದ್ರು, ಎಲ್ಲಾ ಆಯ್ತು. ಅಷ್ಟರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ಲು. ಡಾಕ್ಟ್ರು ಹಾಸಿಗೆ ಬಿಟ್ಟು ಅಲ್ಲಾಡಕೂಡದು ಅಂದ್ರು. ಅಷ್ಟು ಬಾಯಿದ್ದ ಹೆಂಗಸು ಎರಡು ದಿನ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ್ಲು. ಮೂರನೇ ದಿನ ನನ್ನ ಕರೆದು, "ನೀನು ಕಲಿತಿರೋದು ಏನಾದ್ರೂ ಒಂದು ಉಪಯೋಗಕ್ಕೆ ಬರ್ಲಿ. ಮಿಕ್ಕಿದ್ದೇನೂ ಬೇಡ ನಂಗೆ. ಮಗು ಕತ್ತಿಗೆ ತಾಳಿ ಬೀಳೋದೊಂದು ತೋರಿಸಿಬಿಡೋ" ಅಂದ್ಲು.

ನಾನು ಮೇಷ್ಟ್ರಿಗೆ ಹೇಳಿ ಕ್ಯಾಮೆರಾ ತರಿಸ್ದೆ. ಕ್ಯಾಮೆರಾ ಬಂದ್ಮೇಲೆ ಪ್ರದೀಪನೂ ಬಂದ. ಮಂಟಪದ ಮುಂದೆ ಅವನು ಹೇಗೆ ನಿಂತ ಅಂತೀರ, ಮದುವೆ ಗಂಡು ಅವನೇ ಅನ್ಬೇಕು. "ಸ್ವಾಮಿ, ಸ್ವಲ್ಪ ಎಡಗಡೆ ಬನ್ನಿ. ಮೇಡಂ, ತಲೆ ಎತ್ತಿ." ನಾನು ಸದ್ದಿಲ್ಲದೆ ನನ್ನ ಮೈಕನ್ನ ಹೆಣ್ಣಿನ ಹಸೆಮಣೆ ಪಕ್ಕ, ಹೂವಿನ ಬುಟ್ಟಿ ಹಿಂದೆ ಇಟ್ಟು ಕೂತೆ. ಅಂತರಪಟ ಸರೀತು, ಜೀರಿಗೆ ಬೆಲ್ಲ ಆಯ್ತು, ಒಂದಷ್ಟು ಅಕ್ಷತೆ ಬಿತ್ತು. ಆಮೇಲೆ ತಾಳಿ. ಗಟ್ಟಿಮೇಳ ಅಂತ ಪುರೋಹಿತರು ಕೈ ಎತ್ತಿದ್ರು, ಓಲಗದೋರು ಛಾವಣಿ ಹಾರೋ ಹಾಗೆ ಊದಿದ್ರು. ಪ್ರದೀಪ ಎಲ್ಲಾ ತೆಗೆದ. ತೆಗೆದ, ಅದು ಸುಳ್ಳಲ್ಲ. ಚೆನ್ನಾಗೇ ತೆಗೆದಿರಬಹುದು, ನೋಡಿದೋರು ಯಾರು?

ಯಾಕಂದ್ರೆ ಆಮೇಲೆ ಪದ್ಮಿನಿ ದೊಡ್ಡಮ್ಮ ಒಬ್ಳು ಬಂದ್ಲು. ಮೈಮೇಲೆ ಅಂಗಡಿಗಾಗೋಷ್ಟು ಒಡವೆ. "ತೋರ್ಸಪ್ಪ, ಹೇಗ್ ಬಂದಿದೆ ತೋರ್ಸಪ್ಪ, ನಾನು ಬಿದ್ದಿದೀನಾ?" ಈ ನಮ್ಮ ಮಹಾಶಯನಿಗೆ ಅಷ್ಟೇ ಸಾಕು. ಟೇಪು ಹಿಂದಕ್ಕೆ ಓಡಿಸ್ದ, ಅಂತರಪಟ ಸರಿಯೋ ಜಾಗದ ತನಕ. ಒಬ್ಬೊಬ್ಬ ಹೆಂಗಸೂ ಬಂದು ಬಣ್ಣ ಕಾಣದ ಆ ತೂತಿಗೆ ಕಣ್ಣಿಟ್ಟು, "ಅಯ್ಯೋ ಕಪ್ಪುಬಿಳುಪು!" ಅಂತ ಮುಖ ಸಿಂಡರಿಸೋದು. ಅಷ್ಟರಲ್ಲಿ ಯಾರೋ ಕೂಗಿದ್ರು, "ಸಪ್ತಪದಿ! ವಿಡಿಯೋದೋರೆಲ್ಲಿ?" ಓಡಿದ ಕಣ್ರೋ. ಓಡಿಹೋಗಿ ಹೆಗಲ ಮೇಲಿಟ್ಟು ರೆಕಾರ್ಡ್ ಒತ್ತಿದ. ಹಿಂದಕ್ಕೆ ಓಡಿಸಿದ್ದನ್ನ ಮುಂದಕ್ಕೆ ತಂದಿದ್ನಾ? ತಂದಿರ್ಲಿಲ್ಲ, ಹೆಂಗಸರು ನೋಡ್ತಾ ನೋಡ್ತಾ ಟೇಪು ಜೀರಿಗೆ ಬೆಲ್ಲ ದಾಟಿ ನಿಂತಿತ್ತು ಅಷ್ಟೇ. ತಾಳಿ ಮೇಲೇನೇ ಸಪ್ತಪದಿ ಕೂತ್ಕೊಂಡ್ತು. ಒಂದ್ಸಲ ಅಳಿಸಿದ್ರೆ ಅಳಿಸ್ದಂಗೆ, ನಿಮ್ಮ ಫೋನಲ್ಲಿರೋ ಕಸದಬುಟ್ಟಿ ಅದಕ್ಕಿರ್ಲಿಲ್ಲ. ನಾನು ಹೋಗಿ, "ಎಲ್ಲಿಂದ ಶುರು ಮಾಡ್ದೆ?" ಅಂದೆ. ಅವನ ಮುಖ ನೋಡ್ಬೇಕಿತ್ತು, ಹಾಲು ಒಡೆದ ಹಾಗೆ.

ಅವನ ಬುದ್ಧಿ ನೋಡಿ, ನೆಟ್ಟಗೆ ಪುರೋಹಿತರ ಹತ್ರ ಹೋದ. ಅವರು ಪಾಪ ತೆಂಗಿನಕಾಯಿ ಚೀಲಕ್ಕೆ ತುಂಬ್ತಾ ಇದ್ರು. "ಸಾರ್, ತಾಳಿ ಕಟ್ಟೋದು ಒನ್ ಮೋರ್ ಟೇಕ್ ತಗೋಬಹುದಾ?" ಅಂದ. ಪುರೋಹಿತರು ತಲೆ ಎತ್ತಿ ಇವನ ಕೋಟಿನ ಜೇಬನ್ನೆಲ್ಲ ಒಂದೊಂದಾಗಿ ನೋಡಿದ್ರು. "ಇನ್ನೊಂದ್ಸಲ ಕಟ್ಟಬೇಕಾದ್ರೆ ಮೊದ್ಲು ಬಿಚ್ಬೇಕಲ್ಲಯ್ಯ. ಬಿಚ್ಚೋನು ಯಾರು, ನೀನಾ?" ಅಂದ್ರು. ಅಷ್ಟೇ. ಅವನು ಅಲ್ಲಿಂದ ಊಟದ ಮನೇಗೆ ಹೋಗಿ ಹೋಳಿಗೆ ತಿಂದ. ತಿಂದ ಕಣೇ, ಎರಡ್ಸಲ ಹಾಕಿಸ್ಕೊಂಡು ತಿಂದ! ನಾನು ಎಲೆ ಮುಂದೆ ಕೂರ್ಲೇ ಇಲ್ಲ. ಶ್ರೀನಗರದಲ್ಲಿ ಅಜ್ಜಿ ಗೋಡೆ ಕಡೆ ಮುಖ ಮಾಡ್ಕೊಂಡು ಕಾಯ್ತಾ ಇದಾಳೆ.

ಆದ್ರೆ ಶಬ್ದ ಇತ್ತು. ನನ್ನ ಕ್ಯಾಸೆಟ್ಟಲ್ಲಿ ಮುಹೂರ್ತ ಪೂರ್ತಿ ಇತ್ತು. ಮಾರನೇ ದಿನ ಬೇಕರಿ ಮೇಲಿನ ರೂಮಲ್ಲಿ ಎಡಿಟಿಂಗಿಗೆ ಕೂತೆ. ಎಡಿಟಿಂಗ್ ಅಂದ್ರೆ ಈಗಿನ ಥರ ಬೆರಳಲ್ಲಿ ಉಜ್ಜೋದಲ್ಲ. ಎರಡು ವಿಸಿಆರು ಅಕ್ಕಪಕ್ಕ, ಒಂದರಲ್ಲಿ ಓಡಿಸೋದು, ಇನ್ನೊಂದರಲ್ಲಿ ಹಿಡಿಯೋದು. ಒಂದು ಉಸಿರು ತಪ್ಪಿದ್ರೆ ಅಲ್ಲಿಂದ ಮತ್ತೆ ಮೊದಲಿಂದ. ಮಧ್ಯೆ ಕರೆಂಟು ಹೋಗೋದು. ಹೆಡ್‌ಫೋನಲ್ಲಿ ಕ್ಯಾಸೆಟ್ ಕೇಳ್ತಾ, ಆ ಸದ್ದಿನ ಅಳತೆಗೆ ಚಿತ್ರ ಹುಡುಕಿದೆ. ಜೀರಿಗೆ ಬೆಲ್ಲದ ಹೊತ್ತಲ್ಲಿ ಬಿದ್ದ ಅಕ್ಷತೆ, ಬೆಳಗ್ಗೆ ತೆಗೆದ ಓಲಗದೋನ ಊದಿದ ಕೆನ್ನೆ, ಯಾರೋ ಕಣ್ಣೊರೆಸ್ಕೊಂಡಿದ್ದು, ಹೆಣ್ಣಿನ ಬಗ್ಗಿದ ತಲೆ. ಗಟ್ಟಿಮೇಳ ಏರ್ತಾ ಏರ್ತಾ ಒಂದೊಂದೇ ಮುಖ. ಸದ್ದು ತುದಿ ಮುಟ್ಟಿದ ಕೂಡ್ಲೇ ಆಮೇಲೆ ತೆಗೆದ ಚಿತ್ರ, ಪದ್ಮಿನಿ ಕತ್ತಲ್ಲಿ ಅರಿಶಿನದ ದಾರ. ಚಿತ್ರ ಜೋಡಿಸಿ ಮೇಲೆ ಕ್ಯಾಸೆಟ್ಟಿನ ಸದ್ದು ಕೂರಿಸ್ದೆ. ತಾಳಿ ಕಟ್ಟೋ ಕೈ ಮಾತ್ರ ಎಲ್ಲೂ ಇಲ್ಲ.

ಅಜ್ಜಿ ಮಂಚದೆದುರು ಟಿವಿ ಇಟ್ವಿ. ಮನೆ ತುಂಬ ಜನ. ಗಟ್ಟಿಮೇಳ ಬಂತು, ಎಲ್ರೂ ಉಸಿರು ಹಿಡಿದ್ರು, ಮುಗೀತು. ದೊಡ್ಡಮ್ಮ ಚಪ್ಪಾಳೆ ತಟ್ಟಿ, "ಏನ್ ಕ್ಲಿಯರಾಗಿ ಬಂದಿದೆರೀ! ಆ ಮೂರು ಗಂಟು ಹಾಕೋದು ಒಂದೊಂದೂ ಕಾಣುತ್ತಲ್ಲ!" ಅಂದ್ಲು. ಮಿಕ್ಕೋರು ಹೌದು ಹೌದು ಅಂದ್ರು. ಪ್ರದೀಪ ಬಾಚಣಿಗೆ ತೆಗೆದು ಕ್ರಾಪು ಬಾಚ್ಕೊಂಡು, "ಆ ಆಂಗಲ್ ಸಿಗೋದು ಕಷ್ಟ ಆಂಟಿ" ಅಂದ! ನಂಗೆ ನಗಬೇಕೋ ಒದೀಬೇಕೋ ಗೊತ್ತಾಗ್ಲಿಲ್ಲ.

ಎಲ್ರೂ ಕಾಫಿಗೆ ಎದ್ದು ಹೋದ್ಮೇಲೆ ಅಜ್ಜಿ ಕರೆದ್ಲು. "ಲೋ, ಗಂಟು ಹಾಕಿದ್ದು ನಂಗೊಬ್ಳಿಗೆ ಕಾಣ್ಲಿಲ್ವೋ, ಇಲ್ವೇ ಇಲ್ವೋ?" ಸುಳ್ಳು ಹೇಳಕ್ಕಾಗ್ಲಿಲ್ಲ, ನಡೆದಿದ್ದು ಹೇಳ್ದೆ. ಬೈತಾಳೆ ಅಂತ ಕಾದೆ. ಅಜ್ಜಿ ಬೈಲಿಲ್ಲ. "ನನ್ನ ಮದುವೇಲಿ ನಾನೇನು ನೋಡಿದ್ನಾ? ತಲೆ ಬಗ್ಗಿಸ್ಕೊಂಡು ಕೂತಿದ್ದೆ, ನನ್ನ ಕಾಲ್ಬೆರಳೇ ಕಾಣ್ತಿದ್ದಿದ್ದು. ಓಲಗ ಜೋರಾಯ್ತು, ಕತ್ತಿಗೆ ತಣ್ಣಗೆ ಏನೋ ತಗುಲ್ತು, ಸರಿ, ಆಯ್ತು ಅಂದ್ಕೊಂಡೆ." ಆಮೇಲೆ ಅಂದ್ಲು, "ಓಲಗ ಶುರುವಾಗೋಕೆ ಮುಂಚೆ ಮಗು ಏನೋ ಪಿಸುಗುಟ್ಟಿದ್ಲಲ್ಲ, ಈ ಮನೆ ಜನದ ಗಲಾಟೇಲಿ ಏನಂದ್ಲು ಅಂತ ಕೇಳ್ಲಿಲ್ಲ. ಟಿವಿ ಬೇಡ. ಆ ಕ್ಯಾಸೆಟ್ ತಗೊಂಡ್ಬಾ, ಅಲ್ಲಿಂದ ಹಾಕು." ಹಾಕ್ದೆ. ಹೂಬುಟ್ಟಿ ಹಿಂದಿದ್ದ ಮೈಕಿಗೆ ಬಿದ್ದಿತ್ತು, ಪದ್ಮಿನಿ ಪಕ್ಕದಲ್ಲಿದ್ದ ಗೆಳತೀನ ಕೇಳಿದ್ದು, "ಕ್ಯಾಮೆರಾ ಈ ಕಡೆ ತಾನೇ ಇರೋದು? ಅಜ್ಜಿ ನೋಡ್ಬೇಕು ಕಣೇ." ಅಜ್ಜಿ ಸೆರಗಲ್ಲಿ ಮುಖ ಮುಚ್ಕೊಂಡು, "ಇನ್ನೊಂದ್ಸಲ" ಅಂದ್ಲು.

ಅದು ಇನ್ನೊಂದ್ಸಲ ಅಂದ್ರೆ. ನಿಮ್ದಲ್ಲ. ಒಳಗಿಂದ ನಿಮ್ಮಜ್ಜಿ ಊಟಕ್ಕೆ ಕೂಗಕ್ಕೆ ಶುರು ಮಾಡಿ ಎಷ್ಟೊತ್ತಾಯ್ತು, ಕೇಳಿಸ್ತಾ? ಇಲ್ಲ. ಕೇಳಲ್ಲ ನಿಮಗೆ. ಮನೇಲಿ ಕರೆಯೋರ ದನಿ ಕಿವಿಗೆ ಬೀಳದೋನು ಯಾವ ಕ್ಯಾಮೆರಾ ಹಿಡಿದ್ರೂ ಅಷ್ಟೇ. ಏಳಿ, ಅನ್ನ ಆರುತ್ತೆ.